ಲೋಹ ಆಮ್ಲವೇ, ಕ್ಷಾರವೇ?



ಸುಣ್ಣದಲ್ಲಿಯೂ ಕ್ಯಾಲ್ಸಿಯಂ ಇದೆ, ಜಿಪ್ಸಂನಲ್ಲಿಯೂ ಇದೆ. ಅಂದಮೇಲೆ ಮಲೆನಾಡಿನ ಹುಳಿಮಣ್ಣಿಗೆ ಯಾವುದನ್ನು ಹಾಕಿದರೇನು ಎಂದು ಕೇಳುವವರಿದ್ದಾರೆ. ಹಣ ಕಳೆದುಕೊಳ್ಳುವುದು ಇಲ್ಲಿಯೇ. ಲೋಹವು ತಾನಾಗಿ ಆಮ್ಲವೂ ಅಲ್ಲ, ಕ್ಷಾರವೂ ಅಲ್ಲ. ಅದು ಯಾವುದರೊಡನೆ ಕೂಡಿದೆ ಎಂಬುದನ್ನು ನೋಡಬೇಕು. ಸುಣ್ಣಕಲ್ಲಿನ ಪುಡಿಯಲ್ಲಿ ಹುಳಿಯನ್ನು ಮುರಿಯುವುದು ಕಾರ್ಬೊನೇಟ್, ಕ್ಯಾಲ್ಸಿಯಂ ಅಲ್ಲ. ಜಿಪ್ಸಂನ ಸಲ್ಫೇಟಿಗೆ ಆ ಶಕ್ತಿಯಿಲ್ಲ. ಕ್ಷಾರಭೂಮಿಯಿಂದ ಸೋಡಿಯಂ ಹೊರದೂಡಲು ಜಿಪ್ಸಂ ಬೇಕು, ನೀರು ಬಸಿದುಹೋಗುವಂತಿದ್ದರೆ. ಅದು ಬೇರೆ ಮಾತು.

ಅಲ್ಯೂಮಿನಿಯಂ ಸಂಗತಿ ಇನ್ನೂ ಸ್ವಾರಸ್ಯವಾದದ್ದು. ನಮ್ಮ ಅಡುಗೆಮನೆಯ ಅಲ್ಯೂಮಿನಿಯಂ ಪಾತ್ರೆಯನ್ನು ಯಾರೂ ಆಮ್ಲವೆನ್ನುವುದಿಲ್ಲ. ಆದರೆ ಮಣ್ಣಿನ ರಸಸಾರ ಸುಮಾರು 5.5ಕ್ಕಿಂತ ಇಳಿದಾಗ ಜೇಡಿಯಿಂದ ಕರಗಿ ಬರುವ ಅಲ್ಯೂಮಿನಿಯಂ ಅಯಾನುಗಳು ನೀರಿನೊಡನೆ ವರ್ತಿಸಿ ಜಲಜನಕದ ಅಯಾನುಗಳನ್ನು ಬಿಡುತ್ತವೆ. ಮಣ್ಣು ಮತ್ತಷ್ಟು ಹುಳಿಯಾಗುತ್ತದೆ. ಬೇರಿನ ತುದಿ ಮೊಂಡಾಗಿ ಬೆಳೆ ಸೊರಗುತ್ತದೆ. ಸುಣ್ಣ ಬಿದ್ದರೆ ಈ ಅಲ್ಯೂಮಿನಿಯಂ ಕರಗದ ಹೈಡ್ರಾಕ್ಸೈಡಾಗಿ ಬೇರಿಗೆ ನಿರಪಾಯವಾಗುತ್ತದೆ.

ಸುಣ್ಣದಲ್ಲಿಯೂ ವ್ಯತ್ಯಾಸವಿದೆ. ಶುದ್ಧವಾಗಿದ್ದರೆ 100 ಕಿಲೋ ಸುಣ್ಣಕಲ್ಲಿನ ಪುಡಿಯ ಕೆಲಸವನ್ನು 74 ಕಿಲೋ ಅರಳಿದ ಸುಣ್ಣ ಅಥವಾ 56 ಕಿಲೋ ಸುಟ್ಟ ಸುಣ್ಣ ಮಾಡುತ್ತದೆ. ಬೆಲೆಯನ್ನು ಈ ಲೆಕ್ಕದಲ್ಲಿ ಹೋಲಿಸಿ ಕೊಳ್ಳಿ. ಎಕರೆಗೆ ಎಷ್ಟು ಎಂಬುದನ್ನು ಮಾತ್ರ ಮಣ್ಣು ಪರೀಕ್ಷೆ ಮಾಡಿಸಿಯೇ ತಿಳಿಯಿರಿ.