ಹೊಗೆಸೊಪ್ಪಿನ ಗುಣವೂ ಪೊಟ್ಯಾಷ್ ಗೊಬ್ಬರವೂ



ಹುಣಸೂರು, ಪಿರಿಯಾಪಟ್ಟಣ ತಾಲ್ಲೂಕುಗಳ ಕೆಂಪು ಮರಳುಗೋಡು ಭೂಮಿಯಲ್ಲಿ ಮುಂಗಾರು ಮಳೆಯ ಆಧಾರದಿಂದ ಬೆಳೆಯುವ ಹೊಗೆಸೊಪ್ಪಿಗೆ ಎಲೆಯ ಬಣ್ಣ, ಪರಿಮಳ, ಉರಿಯುವ ಗುಣ ಇವುಗಳನ್ನು ನೋಡಿಯೇ ಬೆಲೆ ಕಟ್ಟುವರು. ಎಲೆಯು ಸಮನಾಗಿ ಉರಿಯುವುದಕ್ಕೆ ಪೊಟ್ಯಾಷ್ ಅವಶ್ಯಕವು. ಆದರೆ ಅಗ್ಗವಾಗಿ ದೊರೆಯುವ ಮ್ಯೂರಿಯೇಟ್ ಆಫ್ ಪೊಟ್ಯಾಷಿನಲ್ಲಿ ಸುಮಾರು ಅರ್ಧ ಪಾಲು ಕ್ಲೋರೀನೇ ಇರುವುದು. ತೆಂಗಿಗೆ ಅದು ಹಿತವೇ ಸರಿ. ಹೊಗೆಸೊಪ್ಪಿಗಾದರೋ ಕ್ಲೋರೀನ್ ಅತ್ಯಲ್ಪವಾಗಿ ಸಾಕು. ಎಲೆಯ ಒಣ ತೂಕದಲ್ಲಿ ಅದು ನೂರಕ್ಕೆ 2 ಪಾಲನ್ನು ಮೀರಿದರೆ, ಹದಗೊಳಿಸಿದ ಸೊಪ್ಪು ಗಾಳಿಯ ತೇವವನ್ನು ಹೀರಿ ಮೆತ್ತಗಾಗಿ, ಬಣ್ಣಗೆಟ್ಟು, ಹೊತ್ತಿಸಿದರೆ ಆರಿಹೋಗುವುದು. ಬ್ಯಾರನ್ನಿನಲ್ಲಿ ಎಷ್ಟು ಜಾಣತನದಿಂದ ಬೇಯಿಸಿದರೂ ಈ ದೋಷವು ನೀಗದು. ಆದುದರಿಂದ ಈ ಬೆಳೆಗೆ ಸಲ್ಫೇಟ್ ಆಫ್ ಪೊಟ್ಯಾಷನ್ನೇ ಹಾಕತಕ್ಕದ್ದು. ಕ್ರಯ ಹೆಚ್ಚೆಂದು ಹಿಂಜರಿದರೆ ಹರಾಜಿನಲ್ಲಿ ಅದಕ್ಕೂ ಹೆಚ್ಚು ಕಳೆದುಕೊಳ್ಳಬೇಕಾದೀತು. ಸವುಳು ಬಾವಿಯ ನೀರೂ ಸಲ್ಲದು.

ಅತಿವೃಷ್ಟಿಯಾದ ವರ್ಷದಲ್ಲಿ ಮರಳು ನೆಲದ ಗಿಡಗಳ ಕೆಳಗಣ ಎಲೆಗಳು, ನರಗಳು ಮಾತ್ರ ಹಸುರಾಗಿ ಉಳಿದು, ನಡುವೆ ಬಿಳಿಚಿಕೊಳ್ಳುವುದುಂಟು. ಇದು ಅನೇಕ ವೇಳೆ ರೋಗವಲ್ಲ. ಮೆಗ್ನೀಸಿಯಮ್ ಲವಣವು ಮಳೆಗೆ ತೊಳೆದುಹೋದುದರ ಗುರುತು. ಇದಕ್ಕೆ ಯೂರಿಯಾ ಹಾಕುವವರಿದ್ದಾರೆ. ಅದರಿಂದ ಎಲೆಯು ದಪ್ಪವಾಗಿ, ಮಾಗುವುದು ತಡವಾಗಿ, ಪರಿಮಳವೂ ಕೆಡುವುದು. ಹುಳಿ ಮಣ್ಣಾದರೆ, ಮುಂದಿನ ನಾಟಿಗೆ ಮೊದಲೇ ಡಾಲೊಮೈಟ್ ಸುಣ್ಣಕಲ್ಲಿನ ಪುಡಿಯನ್ನು ಉತ್ತು ಸೇರಿಸುವುದು ಮೇಲು.