ಕಣ್ಣಿಗೆ ಬೀಳದ ಗೃಹೀತ



ಸಾಫ್ಟ್‌ವೇರ್ ಎಂಜಿನಿಯರಿಂಗ್ ಮತ್ತು ಯೋಜನಾ ನಿರ್ವಹಣೆ ಈ ವರ್ಷದ ದತ್ತಿ ಉಪನ್ಯಾಸದ ವಿಷಯ. ವಿದ್ಯಾರ್ಥಿಗಳೇ, ನಿಮ್ಮ ಪಠ್ಯದಲ್ಲಿ ಇದು ವಾಟರ್‌ಫಾಲ್, ಅಜೈಲ್, ಗ್ಯಾಂಟ್ ಚಾರ್ಟ್ ಮೊದಲಾದ ಹೆಸರುಗಳ ಸಾಲಾಗಿ ಬರುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿ ಓದಿದರೆ ಸಾಕು ಎಂಬ ಮಾತೂ ಹಾಸ್ಟೆಲುಗಳಲ್ಲಿ ಚಾಲ್ತಿಯಲ್ಲಿದೆ. ಆ ಮಾತು ನನಗೆ ನೋವು ತರುತ್ತದೆ, ಏಕೆಂದರೆ ನೀವು ಓದುವ ವಿಷಯಗಳಲ್ಲೆಲ್ಲ ಮನುಷ್ಯರ ನಡುವಿನ ನಂಬಿಕೆ, ಮರೆವು, ಮಾತುಕತೆಗಳ ಬಗ್ಗೆ ನೇರವಾಗಿ ಮಾತಾಡುವ ವಿಷಯ ಇದೊಂದೇ. ಇಂದು ಆ ಹೆಸರುಗಳನ್ನೆಲ್ಲ ಬದಿಗಿಟ್ಟು, ಒಂದೇ ಒಂದು ಅಪಘಾತವನ್ನು ಎಳೆ ಎಳೆಯಾಗಿ ಬಿಡಿಸಿ ನೋಡೋಣ.

1996ರ ಜೂನ್ 4. ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾದಲ್ಲಿ ಕೂರೂ ಎಂಬ ಉಡಾವಣಾ ಕೇಂದ್ರ. ಯುರೋಪಿನ ದೇಶಗಳು ಸೇರಿ ಕಟ್ಟಿದ ಏರಿಯಾನ್-5 ರಾಕೆಟ್ಟಿನ ಮೊದಲ ಹಾರಾಟ. ಒಳಗೆ ಭೂಮಿಯ ಕಾಂತವಲಯವನ್ನು ಅಭ್ಯಾಸ ಮಾಡಲು ಸಿದ್ಧವಾದ ಕ್ಲಸ್ಟರ್ ಎಂಬ ನಾಲ್ಕು ವೈಜ್ಞಾನಿಕ ಉಪಗ್ರಹಗಳಿದ್ದವು. ಮುಖ್ಯ ಎಂಜಿನ್ ಹೊತ್ತಿಕೊಂಡು ಸುಮಾರು 37 ಸೆಕೆಂಡಿನ ತನಕ ಎಲ್ಲವೂ ಸರಿಯಾಗಿತ್ತು. ಆಮೇಲೆ ರಾಕೆಟ್ ಇದ್ದಕ್ಕಿದ್ದಂತೆ ದಾರಿ ಬಿಟ್ಟು ವಾಲಿತು, ಗಾಳಿಯ ಒತ್ತಡಕ್ಕೆ ಮುರಿಯತೊಡಗಿತು, ತನ್ನನ್ನು ತಾನೇ ನಾಶಪಡಿಸಿಕೊಳ್ಳುವ ವ್ಯವಸ್ಥೆ ಚಾಲೂ ಆಗಿ ಸಿಡಿಯಿತು. ಆಗ ಅದು ಸುಮಾರು 3,700 ಮೀಟರ್ ಎತ್ತರದಲ್ಲಿತ್ತು.

ಫ್ರೆಂಚ್ ಗಣಿತಜ್ಞ ಜಾಕ್ ಲೂಯಿ ಲಿಯೋನ್ಸ್ ಅವರ ನೇತೃತ್ವದ ತನಿಖಾ ಸಮಿತಿ ಜುಲೈ 19ರ ಹೊತ್ತಿಗೆ ವರದಿ ಕೊಟ್ಟಿತು. ಆ ವರದಿ ಚಿಕ್ಕದು, ಎಲ್ಲರಿಗೂ ತೆರೆದದ್ದು. ಸಾಫ್ಟ್‌ವೇರ್ ಕಲಿಯುವ ಪ್ರತಿಯೊಬ್ಬರೂ ಅದನ್ನು ಮೂಲದಲ್ಲೇ ಓದಬೇಕು ಎಂಬುದು ನನ್ನ ಆಗ್ರಹ. ಅದರಲ್ಲಿ ಯಾರ ಮೇಲೂ ಕೂಗಾಟವಿಲ್ಲ. ಒಂದೊಂದು ಘಟನೆಯಿಂದ ಅದರ ಹಿಂದಿನ ಘಟನೆಗೆ, ಅಲ್ಲಿಂದ ಒಂದು ತೀರ್ಮಾನಕ್ಕೆ, ಆ ತೀರ್ಮಾನದ ಕಾರಣಕ್ಕೆ ಅದು ನಿಧಾನವಾಗಿ ಇಳಿಯುತ್ತದೆ.

ರಾಕೆಟ್ ಎತ್ತ ಸಾಗುತ್ತಿದೆ, ಎಷ್ಟು ವಾಲಿದೆ ಎಂದು ಅಳೆದು ಹೇಳುವ ಒಂದು ಜಡತ್ವ ಮಾಪನ ಘಟಕ ಒಳಗಿತ್ತು. ಅದರ ಸಾಫ್ಟ್‌ವೇರ್ ಹೆಚ್ಚುಕಡಿಮೆ ಹಳೆಯ ಏರಿಯಾನ್-4ರದ್ದೇ. ಆ ಪ್ರೋಗ್ರಾಮಿನಲ್ಲಿ ಅಡ್ಡ ದಿಕ್ಕಿನ ವೇಗಕ್ಕೆ ಸಂಬಂಧಿಸಿದ 64 ಬಿಟ್‌ನ ದಶಾಂಶ ಸಂಖ್ಯೆಯೊಂದನ್ನು 16 ಬಿಟ್‌ನ ಪೂರ್ಣಾಂಕವಾಗಿ ಬದಲಿಸುವ ಒಂದು ಹೆಜ್ಜೆ ಇತ್ತು. ಚಿಹ್ನೆ ಸಹಿತವಾದ 16 ಬಿಟ್‌ನಲ್ಲಿ 32,767ಕ್ಕಿಂತ ದೊಡ್ಡ ಸಂಖ್ಯೆ ಹಿಡಿಸುವುದಿಲ್ಲ. ಏರಿಯಾನ್-5ರ ಹಾರಾಟದ ಆರಂಭದಲ್ಲಿ ಅಡ್ಡ ವೇಗ ಏರಿಯಾನ್-4ಕ್ಕಿಂತ ಸುಮಾರು ಐದು ಪಟ್ಟು ಬೇಗ ಏರುತ್ತದೆ. ಸಂಖ್ಯೆ ತನ್ನ ಅಳತೆ ಮೀರಿತು. ಘಟಕ ದೋಷ ಸಾರಿ, ಕೆಲಸ ನಿಲ್ಲಿಸಿತು.

ಜೊತೆಗೆ ಇನ್ನೊಂದು ಘಟಕ ಬದಲಿಯಾಗಿ ಸಿದ್ಧವಿತ್ತಲ್ಲ? ಇತ್ತು. ಆದರೆ ಅದರಲ್ಲಿದ್ದದ್ದೂ ಅದೇ ಪ್ರೋಗ್ರಾಮ್. 72 ಮಿಲಿಸೆಕೆಂಡಿನ ಹಿಂದಿನ ಆವರ್ತದಲ್ಲೇ, ಅದೇ ಕಾರಣಕ್ಕೆ, ಅದೂ ನಿಂತುಹೋಗಿತ್ತು. ನಿಂತ ಘಟಕ ಕಳಿಸಿದ ದೋಷದ ವಿವರವನ್ನು ಮುಖ್ಯ ಕಂಪ್ಯೂಟರ್ ಹಾರಾಟದ ಅಳತೆ ಎಂದೇ ಓದಿಕೊಂಡಿತು. ಇಲ್ಲದ ವಾಲುವಿಕೆಯನ್ನು ಸರಿಪಡಿಸಲು ನಳಿಕೆಗಳನ್ನು ಪೂರ್ತಿ ತಿರುಗಿಸಿತು.

ಇಲ್ಲಿಯವರೆಗಿನ ಕಥೆಯನ್ನು ನಿಮ್ಮಲ್ಲಿ ಹಲವರು ಕೇಳಿರಬಹುದು. 'ಓವರ್‌ಫ್ಲೋ ದೋಷ, ಎಚ್ಚರ ತಪ್ಪಿದ ಪ್ರೋಗ್ರಾಮರ್' ಎಂದು ಎರಡು ಸಾಲಿನಲ್ಲಿ ಮುಗಿಸುವವರಿದ್ದಾರೆ. ಅದು ಸುಳ್ಳು, ಅನ್ಯಾಯ ಕೂಡ. ಆ ತಂಡ ಈ ಅಪಾಯವನ್ನು ಯೋಚಿಸಿತ್ತು. ಇಂಥ ತೊಂದರೆ ಬರಬಹುದಾದ ಏಳು ಚರಾಂಕಗಳನ್ನು ಗುರುತಿಸಿತ್ತು. ಆ ಘಟಕದ ಕಂಪ್ಯೂಟರಿನ ಮೇಲಿನ ಹೊರೆ ಶೇಕಡಾ 80 ಮೀರಬಾರದು ಎಂಬ ಗುರಿ ಇದ್ದುದರಿಂದ ಏಳಕ್ಕೂ ರಕ್ಷಣೆ ಕೊಡದೆ ನಾಲ್ಕಕ್ಕೆ ಮಾತ್ರ ಕೊಟ್ಟರು. ಉಳಿದ ಮೂರು ಭೌತಿಕವಾಗಿಯೇ ಮಿತಿಯೊಳಗಿರುತ್ತವೆ ಅಥವಾ ಮಿತಿಗೆ ಬಹಳ ಅಂತರವಿದೆ ಎಂದು ಲೆಕ್ಕ ಹಾಕಿ ಬಿಟ್ಟರು. ಏರಿಯಾನ್-4ರ ಮಟ್ಟಿಗೆ ಆ ಲೆಕ್ಕ ಸರಿಯಾಗಿಯೇ ಇತ್ತು. ವರ್ಷಗಟ್ಟಲೆ ಆ ರಾಕೆಟ್ ಹಾರಿತು.

ಹಾಗಾದರೆ ಎಡವಿದ್ದು ಎಲ್ಲಿ? ನನ್ನ ಇಡೀ ಉಪನ್ಯಾಸ ನಿಂತಿರುವುದು ಈ ಜಾಗದಲ್ಲಿ. ಆ ಮೂರು ಚರಾಂಕಗಳನ್ನು ಯಾಕೆ ಬಿಟ್ಟೆವು ಎಂಬ ಸಮರ್ಥನೆ ಪ್ರೋಗ್ರಾಮಿನ ಪಠ್ಯದಲ್ಲಿ ಎಲ್ಲೂ ಸಿಗಲಿಲ್ಲ ಎನ್ನುತ್ತದೆ ಸಮಿತಿ. ತೀರ್ಮಾನವನ್ನು ಯಾರೋ ಒಬ್ಬರು ಕದ್ದು ಮಾಡಿದ್ದಲ್ಲ. ಸಂಬಂಧಪಟ್ಟವರೆಲ್ಲ ಒಪ್ಪಿ ಮಾಡಿದ್ದು. ಆದರೆ ರಾಶಿ ರಾಶಿ ದಾಖಲೆಗಳ ನಡುವೆ ಅದು ಹೊರಗಿನ ಪರಿಶೀಲಕರ ಕಣ್ಣಿಗೆ ಬೀಳದಂತೆ ಹೂತುಹೋಯಿತು. ಇನ್ನೊಂದು ಕಡೆ, ಏರಿಯಾನ್-5ರ ಹಾರಾಟದ ಪಥದ ಅಂಕಿಅಂಶಗಳನ್ನು ಆ ಘಟಕದ ಅಗತ್ಯಗಳ ಪಟ್ಟಿಗೆ ಸೇರಿಸುವುದು ಬೇಡ ಎಂದು ಎಲ್ಲರೂ ಸೇರಿ ಒಪ್ಪಿಕೊಂಡಿದ್ದರು. ಪಥದ ಅಂಕಿಗಳು ಒಬ್ಬರ ಬಳಿ, ಅಂಕಿ ಇಷ್ಟರೊಳಗೇ ಇರುತ್ತದೆ ಎಂಬ ಗೃಹೀತ ಇನ್ನೊಬ್ಬರ ಬಳಿ. ಎರಡೂ ಒಂದು ಮೇಜಿನ ಮೇಲೆ ಎದುರುಬದುರು ಕೂರಲೇ ಇಲ್ಲ. ನೆಲದ ಮೇಲಿನ ಸಮಗ್ರ ಪರೀಕ್ಷೆಗಳಲ್ಲಿ ಕೂಡ ನಿಜವಾದ ಘಟಕದ ಬದಲು ಅದರ ಅನುಕರಣೆಯನ್ನು ಜೋಡಿಸಿದ್ದರಿಂದ ಆ ಭೇಟಿಯ ಕೊನೆಯ ಅವಕಾಶವೂ ತಪ್ಪಿತು.

ಮನಸ್ಸು ಹಿಂಡುವ ಸಂಗತಿ ಇನ್ನೊಂದಿದೆ. ಅಳತೆ ಮೀರಿದ ಆ ಲೆಕ್ಕ ಮಾಡುತ್ತಿದ್ದ ಪ್ರೋಗ್ರಾಮಿನ ಭಾಗ ಉಡಾವಣೆಗೆ ಮುಂಚೆ ಘಟಕವನ್ನು ಹೊಂದಿಸಲು ಮಾತ್ರ ಬೇಕಾದದ್ದು. ರಾಕೆಟ್ ನೆಲ ಬಿಟ್ಟ ಮೇಲೆ ಅದಕ್ಕೆ ಕೆಲಸವೇ ಇಲ್ಲ. ಆದರೂ ಅದು ಹಾರಾಟದ ಸುಮಾರು 40 ಸೆಕೆಂಡಿನವರೆಗೆ ಓಡುತ್ತಿತ್ತು. ಏರಿಯಾನ್-4ರಲ್ಲಿ ಕೊನೆಯ ಗಳಿಗೆಯಲ್ಲಿ ಕ್ಷಣಗಣನೆ ನಿಂತರೆ ಮತ್ತೆ ಬೇಗ ಶುರುಮಾಡಲು ಅನುಕೂಲವಾಗಲಿ ಎಂದು ಮಾಡಿಕೊಂಡಿದ್ದ ಏರ್ಪಾಡು ಅದು. 1989ರಲ್ಲಿ ಒಮ್ಮೆ ಉಪಯೋಗಕ್ಕೂ ಬಂದಿತ್ತು. ಏರಿಯಾನ್-5ರ ಸಿದ್ಧತೆಯ ಕ್ರಮವೇ ಬೇರೆ, ಅಲ್ಲಿ ಅದರ ಅಗತ್ಯವಿರಲಿಲ್ಲ. ಚೆನ್ನಾಗಿ ನಡೆಯುತ್ತಿರುವುದನ್ನು ಮುಟ್ಟುವುದು ಬೇಡ ಎಂದು ಉಳಿಸಿಕೊಂಡರು. ಅದೂ ಒಂದು ಗೃಹೀತವೇ.

ದೋಷ ಕಂಡೊಡನೆ ಘಟಕವನ್ನು ನಿಲ್ಲಿಸಿಬಿಡುವ ನಿಯಮದ ಹಿಂದೆ ಮತ್ತೊಂದು ಗೃಹೀತವಿತ್ತು: ಕೆಡುವುದು ಯಂತ್ರಾಂಶ, ಕೆಟ್ಟರೆ ಒಂದು ಕೆಟ್ಟೀತು, ಪಕ್ಕದ್ದು ಕೈಹಿಡಿದೀತು. ತಂತಿ, ಚಿಪ್‌ಗಳ ವಿಷಯದಲ್ಲಿ ಇದು ವಿವೇಕದ ಮಾತು. ಪ್ರೋಗ್ರಾಮಿನ ಪ್ರತಿ ಮಾತ್ರ ಮೂಲದ ತಪ್ಪನ್ನೂ ಹೊತ್ತೇ ಬರುತ್ತದೆ. ತಪ್ಪು ಸಾಬೀತಾಗುವವರೆಗೆ ಸಾಫ್ಟ್‌ವೇರ್ ಸರಿ ಎಂದು ನಂಬುವುದನ್ನು ಬಿಟ್ಟು, ಸರಿ ಎಂದು ತೋರಿಸುವವರೆಗೆ ತಪ್ಪಿದೆ ಎಂದೇ ಹಿಡಿಯಬೇಕು ಎಂಬ ನಿಲುವಿಗೆ ಸಮಿತಿ ಬಂದದ್ದು ಇದರಿಂದ.

ಇಂಥ ಅಪಘಾತ ಇದೊಂದೇ ಅಲ್ಲ. 1999ರ ಸೆಪ್ಟೆಂಬರಿನಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಮಂಗಳನ ಬಳಿ ಕಳೆದುಹೋಯಿತು. ಒಂದು ತಂಡದ ಪ್ರೋಗ್ರಾಮ್ ಪೌಂಡ್ ಲೆಕ್ಕದಲ್ಲಿ ಅಂಕಿ ಕೊಟ್ಟಿತು, ಇನ್ನೊಂದು ತಂಡ ಅದನ್ನು ನ್ಯೂಟನ್ ಎಂದು ಓದಿತು. ನಡುವಿನ ವ್ಯತ್ಯಾಸ 4.45 ಪಟ್ಟು. ಮೆಟ್ರಿಕ್ ಅಳತೆ ಬಳಸಬೇಕು ಎಂದು ಒಪ್ಪಂದದ ದಾಖಲೆಯಲ್ಲಿ ಬರೆದೇ ಇತ್ತು. ಬರೆದದ್ದನ್ನೂ ಪ್ರೋಗ್ರಾಮನ್ನೂ ಹೋಲಿಸುವ ಕೆಲಸ ಮಾತ್ರ ನಡೆಯಲಿಲ್ಲ.

ಇನ್ನು ಯೋಜನಾ ನಿರ್ವಹಣೆ. ಐಬಿಎಮ್‌ನಲ್ಲಿ ಓಎಸ್/360 ಎಂಬ ಆಪರೇಟಿಂಗ್ ಸಿಸ್ಟಮ್ಮಿನ ಕೆಲಸ ನಡೆಸಿದ ಫ್ರೆಡ್ ಬ್ರೂಕ್ಸ್ 1975ರಲ್ಲಿ ತಮ್ಮ ಅನುಭವವನ್ನು ಪುಸ್ತಕವಾಗಿಸಿದರು. ತಡವಾದ ಸಾಫ್ಟ್‌ವೇರ್ ಯೋಜನೆಗೆ ಜನ ಸೇರಿಸಿದರೆ ಅದು ಇನ್ನಷ್ಟು ತಡವಾಗುತ್ತದೆ ಎಂಬ ಅವರ ಮಾತು ನಿಮಗೆ ಗೊತ್ತು. ನಾಲ್ಕು ಜನರ ತಂಡದಲ್ಲಿ ಮಾತುಕತೆಯ ಜೋಡಿಗಳು ಆರು, ಹತ್ತು ಜನರಲ್ಲಿ 45. ಗಣಿತ ಇಷ್ಟೇ. ಆದರೆ ಹೊಸದಾಗಿ ಬಂದವರು ಆ ಮಾತುಕತೆಯಲ್ಲಿ ಕೇಳುವುದು ಏನನ್ನು? ಪ್ರೋಗ್ರಾಮ್ ಏನು ಮಾಡುತ್ತದೆ ಎಂಬುದನ್ನು ಅವರೇ ಓದಿಕೊಳ್ಳಬಲ್ಲರು. 'ಇದನ್ನು ಯಾಕೆ ಹೀಗೆ ಮಾಡಿದಿರಿ, ಅದನ್ನು ಯಾಕೆ ಬಿಟ್ಟಿರಿ' ಎಂದು ಕೇಳುತ್ತಾರೆ. ಅದಕ್ಕೆ ಉತ್ತರ ಹಳಬರ ತಲೆಯಲ್ಲಿ ಮಾತ್ರ ಇದ್ದರೆ, ಹಳಬರ ಸಮಯ ಅಲ್ಲಿಗೇ ಹೋಗುತ್ತದೆ. ವೇಳಾಪಟ್ಟಿ ಜಾರುವುದಕ್ಕೂ ರಾಕೆಟ್ ಸಿಡಿಯುವುದಕ್ಕೂ ನಾನು ಒಂದೇ ಬೇರು ಕಾಣುವುದು ಇದರಿಂದ.

ವಿದ್ಯಾರ್ಥಿಗಳೇ, ನಿಮ್ಮ ಕೊನೆಯ ವರ್ಷದ ಪ್ರಾಜೆಕ್ಟಿಗೆ ಬನ್ನಿ. ನಾಲ್ವರ ತಂಡ, ಕಾಲೇಜಿನ ಹಾಜರಾತಿಗೆ ಒಂದು ಆ್ಯಪ್ ಎಂದುಕೊಳ್ಳಿ. ಯುಎಸ್‌ಎನ್ ಎಂಬ ವಿದ್ಯಾರ್ಥಿ ಸಂಖ್ಯೆಯ ಕೊನೆಯ ಮೂರು ಅಂಕಿ 001ರಿಂದ ಒಂದೊಂದಾಗಿ ಏರುತ್ತದೆ ಎಂದುಕೊಂಡು ಒಬ್ಬರು ಪ್ರೋಗ್ರಾಮ್ ಬರೆಯುತ್ತಾರೆ. ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಸೇರುವ ನಿಮ್ಮ ಗೆಳೆಯರ ಸಂಖ್ಯೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಕಾಲೇಜುಗಳಲ್ಲಿ 400ರಿಂದ ಶುರುವಾಗುತ್ತದೆ. ಅವರು ಪಟ್ಟಿಯಲ್ಲೇ ಇರುವುದಿಲ್ಲ. ಇನ್ನೊಬ್ಬರು ಹೆಸರಿನ ಎರಡನೇ ಭಾಗ ಕಡ್ಡಾಯ ಎಂದು ಫಾರಂ ಮಾಡುತ್ತಾರೆ. ಹೆಸರಿನ ಮುಂದೆ ಊರಿನದೋ ತಂದೆಯದೋ ಒಂದು ಇನಿಷಿಯಲ್ ಬಿಟ್ಟರೆ ಬೇರೇನೂ ಇಲ್ಲದ ಲಕ್ಷಾಂತರ ಜನ ನಮ್ಮ ರಾಜ್ಯದಲ್ಲಿದ್ದಾರೆ. ಅವರೆಲ್ಲ ಆ ಖಾನೆಯಲ್ಲಿ ಏನು ತುಂಬಬೇಕು? ಇವು ಪ್ರೋಗ್ರಾಮಿಂಗ್ ಬಾರದ ತಪ್ಪುಗಳಲ್ಲ. ಗೃಹೀತವನ್ನು ಬಾಯಿಬಿಟ್ಟು ಹೇಳಿದ್ದರೆ ಪಕ್ಕದಲ್ಲಿ ಕುಳಿತ ಗೆಳತಿ ಅರ್ಧ ನಿಮಿಷದಲ್ಲಿ ತಿದ್ದುತ್ತಿದ್ದಳು.

ಆದ್ದರಿಂದ ಮೊದಲ ವಾರದಿಂದಲೇ ಒಂದು ಕಡತ ತೆರೆಯಿರಿ. ಅದು ಪ್ರೋಗ್ರಾಮಿನ ಜೊತೆಗೇ, ಅದೇ ಗಿಟ್ ಭಂಡಾರದಲ್ಲಿ ಇರಲಿ. ಬೈಂಡ್ ಮಾಡಿಸಿದ ರಿಪೋರ್ಟಿನ ಅರವತ್ತನೇ ಪುಟದಲ್ಲಿ ಬೇಡ. ನಾವು ಏನೆಂದುಕೊಂಡಿದ್ದೇವೆ, ಯಾಕೆ, ಯಾವ ಸಂದರ್ಭದಲ್ಲಿ ಅದು ಸುಳ್ಳಾಗುತ್ತದೆ ಎಂದು ಎರಡು ಮೂರು ಸಾಲು ಸಾಕು. ಯಂತ್ರವೇ ಪರೀಕ್ಷಿಸಬಹುದಾದ ಗೃಹೀತವಾದರೆ ಆ ಪರೀಕ್ಷೆಯನ್ನು ಪ್ರೋಗ್ರಾಮಿನೊಳಗೇ ಬರೆಯಿರಿ. ಬೇರೆಯವರ ಪ್ರೋಗ್ರಾಮ್ ತಂದು ಸೇರಿಸುವಾಗ ಅವರ ಗೃಹೀತಗಳನ್ನು ಹುಡುಕಿ ಈ ಕಡತಕ್ಕೆ ಸೇರಿಸಿ. ಈಗ ಯಂತ್ರಗಳೇ ಪ್ರೋಗ್ರಾಮ್ ಬರೆದುಕೊಡುವ ಕಾಲದಲ್ಲಿ ಈ ಮಾತಿಗೆ ದುಪ್ಪಟ್ಟು ತೂಕ ಬಂದಿದೆ.

ಏರಿಯಾನ್-5ರ ಎಂಜಿನಿಯರುಗಳು ಸೋಲನ್ನು ಮುಚ್ಚಿಡಲಿಲ್ಲ ಎಂಬುದಕ್ಕೆ ನಾವು ಭಾರತೀಯರೂ ಋಣಿಗಳು. ತಪ್ಪು ತಿದ್ದಿಕೊಂಡ ಮೇಲೆ, 2000ದ ಮಾರ್ಚಿನಲ್ಲಿ ನಮ್ಮ ಇನ್ಸಾಟ್-3ಬಿ ಉಪಗ್ರಹ, 2018ರ ಡಿಸೆಂಬರಿನಲ್ಲಿ 5,854 ಕಿಲೋ ತೂಕದ ಜಿಸ್ಯಾಟ್-11 ಅದೇ ಕೂರೂವಿನಿಂದ ಅದೇ ಮಾದರಿಯ ರಾಕೆಟ್ಟಿನಲ್ಲಿ ಏರಿದವು. ಕಕ್ಷೆ ಸೇರಿದ ಮೇಲೆ ಅವುಗಳ ಹೊಣೆ ಹೊತ್ತದ್ದು ಹಾಸನದ ನಿಯಂತ್ರಣ ಕೇಂದ್ರ. ಕಳೆದುಹೋದ ಕ್ಲಸ್ಟರ್ ಉಪಗ್ರಹಗಳನ್ನು ಮತ್ತೆ ಕಟ್ಟಿ 2000ದಲ್ಲಿ ಸೋಯುಜ್ ರಾಕೆಟ್ಟುಗಳಲ್ಲಿ ಕಳಿಸಿದರು. ಅವು ಎರಡು ದಶಕಕ್ಕೂ ಮೀರಿ ದುಡಿದವು.

ಇಲ್ಲಿರುವ ಅಧ್ಯಾಪಕರಲ್ಲಿ ಒಂದು ಬೇಡಿಕೆ ಇಟ್ಟು ಮುಗಿಸುತ್ತೇನೆ. ಪ್ರಾಜೆಕ್ಟ್ ವೈವಾದಲ್ಲಿ ಡೆಮೊ ಓಡಿದರೆ ಅಂಕ, ಓಡದಿದ್ದರೆ ಕಡಿತ ಎಂಬ ಪದ್ಧತಿ ವಿದ್ಯಾರ್ಥಿಗಳಿಗೆ ಗೃಹೀತಗಳನ್ನು ಅಡಗಿಸುವುದನ್ನೇ ಕಲಿಸುತ್ತಿದೆ. ಗೃಹೀತಗಳ ಕಡತಕ್ಕೆ ಹತ್ತು ಅಂಕ ಇಡಿ. ಪ್ರತಿ ವರ್ಷ ಹೊಸ ಪ್ರಾಜೆಕ್ಟ್ ಹುಡುಕಿಸುವ ಬದಲು ಕೆಲವು ತಂಡಗಳಿಗಾದರೂ ಹಿಂದಿನ ವರ್ಷದವರ ಪ್ರೋಗ್ರಾಮನ್ನು ಕೈಗೆ ಕೊಟ್ಟು, ಅದನ್ನು ಮುಂದುವರಿಸಲು ಹೇಳಿ. ಹಿರಿಯರು ಬರೆದಿಟ್ಟ ಕಡತದಿಂದ ಕಿರಿಯರಿಗೆ ಎಷ್ಟು ಉಪಯೋಗವಾಯಿತು ಎಂದು ಕಿರಿಯರನ್ನೇ ಕೇಳಿ, ಮುಂದಿನ ತಂಡಗಳಿಗೆ ಅದನ್ನು ತಿಳಿಸಿ. ಇದಕ್ಕೆ ಹೊಸ ಪ್ರಯೋಗಾಲಯ ಬೇಡ, ಹೆಚ್ಚಿನ ಅನುದಾನವೂ ಬೇಡ. ಬರುವ ಸೆಮಿಸ್ಟರಿನಲ್ಲೇ ಶುರುಮಾಡಬಹುದು.