ಒಕ್ಕಲುತನದಲ್ಲಿ ಸ್ತ್ರೀಯರ ಹಕ್ಕು

(ಮಹೋತ್ಸವದ ಒಕ್ಕಲಿಗರ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಆಯ್ದಕ್ಕಿ ಮಾರಯ್ಯನವರು ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ಅವರ ಸತಿ ಲಕ್ಕಮ್ಮನವರು ಮರಳಿ ಸುರಿದು ಬರಹೇಳಿದ ಕಥೆಯನ್ನು ನಾವೆಲ್ಲರೂ ಬಲ್ಲೆವು. ಕಾಯಕದ ವಿಷಯದಲ್ಲಿ ಅಲ್ಲಿ ಸತಿಯ ಮಾತೇ ನಡೆಯಿತು. ಪ್ರವಚನದಲ್ಲಿ ಇದನ್ನು ತಲೆದೂಗಿ ಕೇಳುವ ನಾವು, ನಮ್ಮ ಹೊಲದ ವಿಷಯದಲ್ಲಿ ಮನೆಯ ಹೆಣ್ಣುಮಗಳನ್ನು ಒಂದು ಮಾತಾದರೂ ಕೇಳುವೆವೇ?

ಒಕ್ಕಲುತನದ ಕೆಲಸಗಳನ್ನು ಎಣಿಸಿ ನೋಡಿರಿ. ಗಂಡಸು ಕೂರಿಗೆ ಹೊಡೆದರೆ ಅದರ ಹಿಂದೆ ನಡೆದು ಅಕ್ಕಡಿಯ ಕಾಳು ಬಿಡುವವಳು ಹೆಂಗಸು. ಕಸ ತೆಗೆಯುವುದು, ಹತ್ತಿ ಬಿಡಿಸುವುದು ಅವಳದೇ. ಯಾವ ತೆನೆ ಬೀಜಕ್ಕೆ ಯೋಗ್ಯವೆಂದು ಆರಿಸಿ, ಬೂದಿ ಬೆರೆಸಿ ಗಡಿಗೆಯಲ್ಲಿಟ್ಟು, ಮುಂದಿನ ಬಿತ್ತನೆಯವರೆಗೆ ಹುಳ ಹತ್ತದಂತೆ ಕಾಯುವವಳೂ ಅವಳೇ. ಹೈನಿನ ಮಾತಂತೂ ಹೇಳಬೇಕಾದುದೇ ಇಲ್ಲ. ಇಷ್ಟಾದರೂ 2015-16ನೆಯ ಸಾಲಿನ ಕೃಷಿ ಗಣತಿಯಂತೆ ಭಾರತದಲ್ಲಿ ಸ್ತ್ರೀಯರು ನಡೆಯಿಸುವ ಹಿಡುವಳಿಗಳು ನೂರಕ್ಕೆ 14ರಷ್ಟು ಮಾತ್ರ. ಮಿಕ್ಕವರು ರೈತನ ಹೆಂಡತಿಯರು, ರೈತನ ತಾಯಂದಿರು, ರೈತರಲ್ಲ!

ಇದು ಬರಿಯ ಹೆಸರಿನ ಮಾತೆಂದು ತಿಳಿಯಲಾಗದು. ಬೆಳೆಸಾಲವೂ ಬೆಳೆನಷ್ಟದ ಪರಿಹಾರವೂ ಪಹಣಿಯ ಹೆಸರನ್ನು ಹಿಡಿದು ಬರುವವು. ಸಾಲದಲ್ಲಿ ಗಂಡನು ತೀರಿಕೊಂಡ ಎಷ್ಟೋ ಮನೆಗಳಲ್ಲಿ ಸಾಲಗಾರನು ಬಂದು ನಿಲ್ಲುವುದು ಅವಳ ಬಾಗಿಲಿಗೆ. ಪಹಣಿಯಲ್ಲಿರುವುದು ಮಾವನ ಹೆಸರು.

ಹಿಂದಿನ ಮೈಸೂರು ಸಂಸ್ಥಾನವು 1933ರಲ್ಲಿಯೇ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆಯನ್ನು ಮಾಡಿತ್ತು. 1994ರಲ್ಲಿ ಕರ್ನಾಟಕವು ಅಂದಿಗೆ ಲಗ್ನವಾಗದಿದ್ದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳ ಸಮನಾದ ಪಾಲನ್ನು ಕೊಟ್ಟಿತು. 2005ರ ಕೇಂದ್ರದ ತಿದ್ದುಪಡಿಯು ಲಗ್ನವಾದವರಿಗೂ ಅದನ್ನು ಒದಗಿಸಿತು; ಆ ವೇಳೆಗೆ ತಂದೆಯು ಬದುಕಿರಲೇಬೇಕೆಂಬ ನಿಯಮವಿಲ್ಲವೆಂದು 2020ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿತು. ಪಂಚಾಯತಿಗಳಲ್ಲಿಯೂ 1987ರ ಚುನಾವಣೆಯಲ್ಲಿ ಕಾಲು ಭಾಗ ಸ್ತ್ರೀಯರಿಗೆ ಮೀಸಲಾಗಿದ್ದಿತು. ಇಂದು ಅರ್ಧ ಭಾಗವಿರುವುದು. ಆದರೆ ಸದಸ್ಯಳ ಕುರ್ಚಿಯಲ್ಲಿ ಅವಳ ಪತಿಯು ಕುಳಿತು ಮಾತನಾಡುವುದನ್ನು ನಾನು ಕಣ್ಣಾರೆ ಕಂಡಿರುವೆನು. ಮನೆಯಲ್ಲಿ ಹೊಲದ ಮಾತು ಆಡಗೊಡದವಳಿಗೆ ಸಭೆಯಲ್ಲಿ ಮಾತು ಒಮ್ಮೆಗೇ ಎಲ್ಲಿಂದ ಬರಬೇಕು?

ಕಾಯಿದೆಯು ಕೊಟ್ಟುದನ್ನು ನಾವು ಸೀರೆ ಕುಪ್ಪಸದ ಬೆಲೆಗೆ ಮರಳಿ ಕೊಳ್ಳುತ್ತಿರುವೆವು. ಅನ್ಯರನ್ನು ದೂರಲಾರೆ. ನಮ್ಮ ತಂದೆಯವರು ಲಿಂಗೈಕ್ಯರಾದ ಬಳಿಕ ನಾನೇ ನಮ್ಮಕ್ಕನವರಿಂದ ಹಕ್ಕುಬಿಡುಗಡೆಯ ಪತ್ರಕ್ಕೆ ಸಹಿ ಹಾಕಿಸಿದೆನು. ತವರಿನ ಬಾಗಿಲು ಮುಚ್ಚದಿದ್ದರೆ ಸಾಕೆಂದು ಅವರು ಓದದೆಯೇ ಸಹಿ ಹಾಕಿದರು. ಆ ಪತ್ರವು ಹಲವು ವರ್ಷ ನನ್ನ ಪೆಟ್ಟಿಗೆಯಲ್ಲಿದ್ದಿತು. ಅವರು ಪಂಚಮಿಗೆ ಬಂದಾಗಲೆಲ್ಲ ನನಗೆ ಮುಖವೆತ್ತಿ ಮಾತನಾಡಲು ಆಗುತ್ತಿರಲಿಲ್ಲ. ಹೋದ ವರ್ಷ ಅವರ ಪಾಲಿನ ಎರಡು ಎಕರೆಯನ್ನು ಅವರ ಹೆಸರಿಗೆ ಬರೆದುಕೊಟ್ಟು, ಪಹಣಿಯಲ್ಲಿ ದಾಖಲು ಮಾಡಿಸಿದೆನು.

ಅಕ್ಕನವರು ಆ ಹೊಲದಲ್ಲಿ ನನ್ನ ಕಬ್ಬನ್ನು ಮುಂದುವರಿಸಲಿಲ್ಲ. ಬಿಳಿಜೋಳ ಬಿತ್ತಿ, ನಡುವೆ ಕಡಲೆಯ ಅಕ್ಕಡಿ ಹಾಕಿಸಿದರು. ನನ್ನನ್ನು ಕೇಳಲಿಲ್ಲ.